ಅಲಾಸ್ಕಾದಲ್ಲಿ ಕಳೆದುಹೋದ ವಿಮಾನಗಳು

1929ರ ಚಳಿಗಾಲದಲ್ಲಿ 'ನಾನುಕ್' ಎಂಬ ಅಮೆರಿಕದ ವ್ಯಾಪಾರಿ ಹಡಗು ಸೈಬೀರಿಯಾದ ಈಶಾನ್ಯ ತುದಿಯ ನಾರ್ತ್ ಕೇಪ್ ಬಳಿ ಹೆಪ್ಪುಗಟ್ಟಿದ ಸಮುದ್ರದಲ್ಲಿ ಸಿಕ್ಕಿಬಿದ್ದಿತ್ತು. ಹಡಗಿನಲ್ಲಿ ಸುಮಾರು ಹತ್ತು ಲಕ್ಷ ಡಾಲರ್ ಬೆಲೆಬಾಳುವ ತುಪ್ಪಳದ ಚರ್ಮಗಳಿದ್ದವು. ಮಂಜು ಕರಗಿ ಹಡಗು ಕದಲಬೇಕಾದರೆ ಮುಂದಿನ ಬೇಸಿಗೆಯೇ ಬರಬೇಕು. ನ್ಯೂಯಾರ್ಕಿನ ಷೇರುಪೇಟೆ ಕುಸಿದದ್ದು ಅದೇ ಅಕ್ಟೋಬರಿನಲ್ಲಿ. ಬೇಸಿಗೆಯವರೆಗೆ ತುಪ್ಪಳಕ್ಕೆ ಬೆಲೆ ಉಳಿದೀತೆಂಬ ಭರವಸೆ ಯಾವ ವ್ಯಾಪಾರಿಗೂ ಇರಲಿಲ್ಲ. ಹಾಗಾಗಿ ಹಡಗಿನ ಮಾಲೀಕ ಓಲಾಫ್ ಸ್ವೆನ್ಸನ್ ಸರಕನ್ನೂ ಜನರನ್ನೂ ವಿಮಾನದಲ್ಲಿ ಹೊರತರುವ ಗುತ್ತಿಗೆಯನ್ನು ಅಲಾಸ್ಕಾದ ಕಂಪನಿಯೊಂದಕ್ಕೆ ಕೊಟ್ಟ. ಆ ಕಂಪನಿಯ ಮುಖ್ಯಸ್ಥ ಕಾರ್ಲ್ ಬೆನ್ ಐಲ್ಸನ್. ಕೆಲಸವನ್ನು ಬೇರೆಯವರಿಗೆ ಒಪ್ಪಿಸದೆ ತಾನೇ ಹಾರಿದ. ಬೇರಿಂಗ್ ಜಲಸಂಧಿ ದಾಟಿ ಹೋಗಿಬರುವ ಮೊದಲ ಸುತ್ತು ಸುಸೂತ್ರವಾಗಿ ಮುಗಿಯಿತು. ನವೆಂಬರ್ 9ರಂದು ಮೆಕ್ಯಾನಿಕ್ ಅರ್ಲ್ ಬೋರ್ಲ್ಯಾಂಡ್‌ನನ್ನು ಕೂರಿಸಿಕೊಂಡು ಎರಡನೇ ಸುತ್ತಿಗೆ ಹೊರಟ ಹ್ಯಾಮಿಲ್ಟನ್ ವಿಮಾನ ನಾನುಕ್ ತಲುಪಲೇ ಇಲ್ಲ.

ಐಲ್ಸನ್ ಸಾಮಾನ್ಯ ಪೈಲಟ್ ಆಗಿರಲಿಲ್ಲ. ನಾರ್ತ್ ಡಕೋಟಾದ ಹ್ಯಾಟನ್ ಊರಿನವನು. ಫೇರ್‌ಬ್ಯಾಂಕ್ಸ್‌ಗೆ ಬಂದದ್ದು ಹೈಸ್ಕೂಲ್ ಮೇಷ್ಟ್ರಾಗಿ. 1924ರ ಫೆಬ್ರವರಿ 21ರಂದು ಅಲಾಸ್ಕಾದ ಮೊದಲ ವಿಮಾನ ಅಂಚೆಯನ್ನು ಫೇರ್‌ಬ್ಯಾಂಕ್ಸ್‌ನಿಂದ ಮೆಕ್‌ಗ್ರಾಥ್‌ಗೆ ಒಯ್ದವನು ಅವನೇ. ನಾಯಿ ಎಳೆಯುವ ಜಾರುಬಂಡಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿಯನ್ನು ಮೂರು ಗಂಟೆಯೊಳಗೆ ಮುಗಿಸಿದ. ವಾಪಸು ಬರುವಾಗ ದಾರಿ ತಪ್ಪಿ ಕತ್ತಲಾಯಿತು. ಊರಿನವರು ಹಚ್ಚಿದ ಬೆಂಕಿಯ ಗುರುತು ಹಿಡಿದು ಇಳಿದಾಗ ವಿಮಾನ ಮುಗ್ಗರಿಸಿ ಪ್ರೊಪೆಲ್ಲರ್ ಮುರಿಯಿತು. ಮುಂದೆಯೂ ಇಂಥ ಅಪಘಾತಗಳಾದವು, ಅಂಚೆ ಇಲಾಖೆ ಒಪ್ಪಂದವನ್ನು ರದ್ದುಮಾಡಿ ನಾಯಿಗಳಿಗೇ ಕೆಲಸ ಮರಳಿಸಿತು. 1927ರಲ್ಲಿ ಆಸ್ಟ್ರೇಲಿಯಾದ ಅನ್ವೇಷಕ ಹ್ಯೂಬರ್ಟ್ ವಿಲ್ಕಿನ್ಸ್ ಜತೆ ಹಾರುತ್ತಿದ್ದಾಗ ಆರ್ಕ್‌ಟಿಕ್ ಸಮುದ್ರದ ಮೇಲೆ ಇಂಧನ ಮುಗಿಯಿತು. ಬಿರುಗಾಳಿಯಲ್ಲಿ ತೇಲುವ ಹಿಮಹಾಸಿನ ಮೇಲೆ ಇಳಿದು, ದಿನಗಟ್ಟಲೆ ನಡೆದು ದಡ ಸೇರಿದರು. ಹಿಮಗಡಿತಕ್ಕೆ ಐಲ್ಸನ್ ಒಂದು ಬೆರಳು ಕಳೆದುಕೊಂಡ. ಮರುವರ್ಷವೇ ಅವರಿಬ್ಬರು ಪಾಯಿಂಟ್ ಬ್ಯಾರೊದಿಂದ ಸ್ಪಿಟ್ಸ್‌ಬರ್ಗೆನ್‌ವರೆಗೆ ಸುಮಾರು 2,200 ಮೈಲಿ ಹಾರಿ ಜಗತ್ಪ್ರಸಿದ್ಧರಾದರು. ಬಿದ್ದು ಬದುಕುವುದು ಹೇಗೆಂದು ಐಲ್ಸನ್‌ನಷ್ಟು ಚೆನ್ನಾಗಿ ಬಲ್ಲವರು ಆ ಸೀಮೆಯಲ್ಲಿ ಕಡಿಮೆ. ಎಲ್ಲೋ ಇಳಿದು ಬಿರುಗಾಳಿ ನಿಲ್ಲಲೆಂದು ಕಾದಿರಬೇಕು ಎಂದು ಗೆಳೆಯರು ವಾರಗಟ್ಟಲೆ ನಂಬಿದ್ದು ಅದಕ್ಕೇ.

ಹುಡುಕಾಟ ಎರಡೂವರೆ ತಿಂಗಳು ನಡೆಯಿತು. ಡಿಸೆಂಬರಿನಲ್ಲಿ ಆ ಅಕ್ಷಾಂಶದಲ್ಲಿ ಸೂರ್ಯ ಮೇಲೇಳುವುದೇ ಇಲ್ಲ. ನಡುಹಗಲಿನ ಆಚೀಚೆ ಒಂದಷ್ಟು ಹೊತ್ತು ಮಬ್ಬು ಬೆಳಕು, ಉಳಿದಂತೆ ಇರುಳು. ಜೋ ಕ್ರಾಸನ್ ಮತ್ತು ಹೆರಾಲ್ಡ್ ಗಿಲ್ಲಮ್ ಎಂಬ ಇಬ್ಬರು ಪೈಲಟ್‌ಗಳು ತೆರೆದ ಕಾಕ್‌ಪಿಟ್ಟಿನ ಪುಟ್ಟ ವಿಮಾನಗಳಲ್ಲಿ ಜಲಸಂಧಿ ದಾಟಿ ನಾನುಕ್ ತಲುಪಿದರು. ಆ ಹಡಗನ್ನೇ ಬಿಡಾರ ಮಾಡಿಕೊಂಡು ಬೆಳಕು ಸಿಕ್ಕಾಗಲೆಲ್ಲ ಹಾರಿದರು. 1930ರ ಜನವರಿ 26ರಂದು ಹಿಮದ ಬಯಲಿನಲ್ಲಿ ಒಂದು ನೆರಳು ಕ್ರಾಸನ್‌ನ ಕಣ್ಣಿಗೆ ಬಿತ್ತು. ಇಳಿದು ನೋಡಿದರೆ ಹಿಮದಿಂದ ಮೇಲೆದ್ದು ನಿಂತ ರೆಕ್ಕೆ. ಎಂಜಿನ್ ಕಿತ್ತು ದೂರ ಬಿದ್ದಿತ್ತು. ಥ್ರಾಟಲ್ ಪೂರ್ತಿ ತೆರೆದ ಸ್ಥಿತಿಯಲ್ಲಿತ್ತು. ಎಂದರೆ ಐಲ್ಸನ್ ಇಳಿಯಲು ಹೊರಟಿರಲಿಲ್ಲ, ಪೂರ್ಣ ವೇಗದಲ್ಲಿ ಹಾರುತ್ತಲೇ ನೆಲಕ್ಕೆ ಬಡಿದಿದ್ದ. ಎತ್ತರ ತೋರಿಸುವ ಆಲ್ಟಿಮೀಟರ್ ಕೈಕೊಟ್ಟಿರಬೇಕೆಂದು ಪೈಲಟ್‌ಗಳು ಲೆಕ್ಕ ಹಾಕಿದರು. ಇಬ್ಬರ ದೇಹಗಳನ್ನು ಹಿಮ ಅಗೆದು ತೆಗೆಯಲು ಇನ್ನೂ ಮೂರು ವಾರ ಹಿಡಿಯಿತು. ಅಗೆದವರಲ್ಲಿ ಹೆಚ್ಚಿನವರು ಸೋವಿಯತ್ ಒಕ್ಕೂಟದವರು. ಆಗ ಅಮೆರಿಕಕ್ಕೂ ಮಾಸ್ಕೋಗೂ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಆದರೂ ಸೋವಿಯತ್ ಪೈಲಟ್ ಮಾವ್ರಿಕಿ ಸ್ಲೆಪ್ನ್ಯೋವ್ ಶವಗಳ ಜತೆಗೆ ಅಲಾಸ್ಕಾದವರೆಗೂ ಬಂದ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಊರಿನ ಸುತ್ತಮುತ್ತ ವಿಮಾನ ಬಿದ್ದರೆ ಅಪಘಾತ ಅಲ್ಲಿಗೆ ಮುಗಿಯಿತು, ಮುಂದಿನದು ಆಸ್ಪತ್ರೆ ಮತ್ತು ತನಿಖೆ. ನಿರ್ಜನ ಪ್ರದೇಶದಲ್ಲಿ ವಿಮಾನ ಬೀಳುವುದು ಅಪಘಾತದ ಮೊದಲ ಅರ್ಧ. ಬಿದ್ದ ವಿಮಾನ ಎಲ್ಲಿದೆಯೆಂದು ಯಾರಿಗೂ ತಿಳಿಯದಿರುವುದು ಎರಡನೆಯ ಅರ್ಧ. ಐಲ್ಸನ್ ಮೊದಲ ಅರ್ಧದಲ್ಲೇ ಸತ್ತ. ಅವನ ನಂತರದ ದಶಕಗಳಲ್ಲಿ ಎಷ್ಟೋ ಮಂದಿ ಬಿದ್ದೂ ಬದುಕಿದ್ದರು, ಎರಡನೆಯ ಅರ್ಧದಲ್ಲಿ ಸತ್ತರು. ಅಲಾಸ್ಕಾದ ವಿಮಾನ ಚರಿತ್ರೆಯನ್ನು ಸಾಹಸಗಾಥೆಯಾಗಿ ಬರೆದವರು ಬಹಳ ಜನ. ನನಗೆ ಕಾಣುವಂತೆ ಅದು ಮುಖ್ಯವಾಗಿ ಹುಡುಕಾಟದ ಚರಿತ್ರೆ.

ಆ ನೆಲದ ಅಳತೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಅಲಾಸ್ಕಾ ಸುಮಾರು 17 ಲಕ್ಷ ಚದರ ಕಿಲೋಮೀಟರ್, ಎಂದರೆ ಕರ್ನಾಟಕದಂಥ ಒಂಬತ್ತು ರಾಜ್ಯಗಳು ಅದರಲ್ಲಿ ಹಿಡಿಯುತ್ತವೆ. ಜನಸಂಖ್ಯೆ ಮಾತ್ರ ನಮ್ಮ ಮೈಸೂರು ನಗರಕ್ಕಿಂತ ಕಡಿಮೆ. ಅಲ್ಲಿನ ಶೇ. 80ರಷ್ಟು ಊರುಗಳಿಗೆ ಇವತ್ತಿಗೂ ರಸ್ತೆ ಇಲ್ಲ. ಬಾಣಂತಿ, ಬಾಸ್ಕೆಟ್‌ಬಾಲ್ ತಂಡ, ಮಗುವಿನ ಡಯಾಪರ್, ಡೀಸೆಲ್ ಪೀಪಾಯಿ, ಹೆಣದ ಪೆಟ್ಟಿಗೆ ಎಲ್ಲವೂ ಹೋಗುವುದು ಆರೇಳು ಸೀಟಿನ ವಿಮಾನದಲ್ಲೇ. ಅಂಥ ವಿಮಾನ ಓಡಿಸುವವರನ್ನು ಅಲ್ಲಿ ಬುಷ್ ಪೈಲಟ್ ಎನ್ನುತ್ತಾರೆ.

ಮೊದಲ ತಲೆಮಾರಿನ ಬುಷ್ ಪೈಲಟ್‌ಗಳ ಬಳಿ ನಂಬುವಂಥ ನಕ್ಷೆ ಇರಲಿಲ್ಲ, ರೇಡಿಯೋ ಇರಲಿಲ್ಲ, ಹವಾಮಾನ ವರದಿಯಂತೂ ಇಲ್ಲವೇ ಇಲ್ಲ. ನದಿಯನ್ನೇ ದಾರಿ ಮಾಡಿಕೊಂಡು ಹಾರುತ್ತಿದ್ದರು. ಬೇಸಿಗೆಯಲ್ಲಿ ನದಿಯ ಮರಳುದಿಬ್ಬಗಳ ಮೇಲೆ, ಚಳಿಗಾಲದಲ್ಲಿ ಚಕ್ರದ ಬದಲು ಸ್ಕೀ ಪಟ್ಟಿ ಕಟ್ಟಿಕೊಂಡು ಹೆಪ್ಪುಗಟ್ಟಿದ ನದಿಯ ಮೇಲೆ ಇಳಿಯುತ್ತಿದ್ದರು. ರಾತ್ರಿ ತಂಗಬೇಕಾದರೆ ಇಳಿದ ಕೂಡಲೇ ಮೊದಲ ಕೆಲಸ ಎಂಜಿನ್ನಿನ ಆಯಿಲ್ ಡಬ್ಬಿಗೆ ಇಳಿಸಿಕೊಳ್ಳುವುದು. ತಡಮಾಡಿದರೆ ಅದು ಒಳಗೇ ಕಲ್ಲಾಗುತ್ತದೆ. ಡಬ್ಬಿಯನ್ನು ಗುಡಿಸಲಿನ ಒಲೆಯ ಪಕ್ಕ ಇಟ್ಟು ಮಲಗಬೇಕು. ಬೆಳಿಗ್ಗೆ ಎಂಜಿನ್ನಿಗೆ ದಪ್ಪ ಕ್ಯಾನ್ವಾಸ್ ಹೊದಿಸಿ, ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟಂತೆ ಅದರಡಿ ಬೆಂಕಿ ಇಟ್ಟು ಗಂಟೆಗಟ್ಟಲೆ ಕಾಯಿಸಿ, ಬಿಸಿ ಆಯಿಲ್ ಸುರಿದು ಸ್ಟಾರ್ಟ್ ಮಾಡಬೇಕು. ಹಾಗೆ ಕಾಯಿಸಲು ಹೋಗಿ ವಿಮಾನವನ್ನೇ ಸುಟ್ಟುಕೊಂಡವರೂ ಇದ್ದಾರೆ. 1925ರ ಜನವರಿಯಲ್ಲಿ ನೋಮ್ ಪಟ್ಟಣದಲ್ಲಿ ಡಿಫ್ತೀರಿಯಾ ಹಬ್ಬಿದಾಗ ಔಷಧವನ್ನು ವಿಮಾನದಲ್ಲಿ ಕಳಿಸಬೇಕೆಂದು ಪತ್ರಿಕೆಗಳು ಬೊಬ್ಬೆ ಹೊಡೆದವು. ಫೇರ್‌ಬ್ಯಾಂಕ್ಸ್‌ನ ವಿಮಾನಗಳನ್ನು ಚಳಿಗಾಲಕ್ಕೆಂದು ಬಿಚ್ಚಿ ಇಟ್ಟಿದ್ದರು. ಔಷಧ ಹೋದದ್ದು ನಾಯಿಗಳ ಜಾರುಬಂಡಿಯಲ್ಲಿ, 674 ಮೈಲಿ ದಾರಿಯನ್ನು ಐದೂವರೆ ದಿನದಲ್ಲಿ ಸವೆಸಿ.

ಬಿದ್ದವರನ್ನು ಬೇರೆ ಯಾರಾದರೂ ಕಂಡರೆ ಮಾತ್ರ ಸುದ್ದಿ ಹೊರಬೀಳುತ್ತಿದ್ದ ಕಾಲ ಅದು. 1935ರ ಆಗಸ್ಟ್ 15ರಂದು ಒಂಟಿ ಕಣ್ಣಿನ ಪೈಲಟ್ ವೈಲಿ ಪೋಸ್ಟ್ ಮತ್ತು ಹಾಸ್ಯಗಾರ ವಿಲ್ ರಾಜರ್ಸ್ ಪಾಯಿಂಟ್ ಬ್ಯಾರೊ ಕಡೆ ಹೊರಟಿದ್ದರು. ಪೋಸ್ಟ್ ಎಂದರೆ ಎರಡು ವರ್ಷದ ಹಿಂದೆ ಒಬ್ಬನೇ ಭೂಮಿ ಸುತ್ತಿದ ಮೊದಲ ಮನುಷ್ಯ. ರಾಜರ್ಸ್ ಆ ಕಾಲದ ಅಮೆರಿಕದಲ್ಲಿ ಅಧ್ಯಕ್ಷರಷ್ಟೇ ಜನಪ್ರಿಯ. ಅವರ ವಿಮಾನವೋ, ಎರಡು ಬೇರೆ ಬೇರೆ ಲಾಕ್‌ಹೀಡ್ ಮಾದರಿಗಳ ಒಡಲು ಮತ್ತು ರೆಕ್ಕೆಗಳನ್ನು ಜೋಡಿಸಿ, ಅದಕ್ಕೆ ಹೊಂದದ ತೇಲುಗಾಲುಗಳನ್ನು ಕಟ್ಟಿದ ಕಸಿ. ಮೂತಿಭಾರ ಜಾಸ್ತಿ. ಮಂಜಿನಲ್ಲಿ ದಾರಿ ತಪ್ಪಿ ಒಂದು ಲಗೂನಿನಲ್ಲಿ ಇಳಿದು, ಸೀಲ್ ಬೇಟೆಗೆ ಬಂದಿದ್ದ ಕ್ಲೇರ್ ಒಕ್‌ಪೀಹಾ ಎಂಬ ಇನುಪಿಯಾಟ್ ಮನುಷ್ಯನಲ್ಲಿ ದಾರಿ ಕೇಳಿದರು. ಮತ್ತೆ ಮೇಲೆದ್ದ ಕೂಡಲೇ ಎಂಜಿನ್ ನಿಂತು, ವಿಮಾನ ಮೂತಿ ಮುಂದಾಗಿ ನೀರಿಗೆ ಬಿದ್ದು, ಇಬ್ಬರೂ ಸತ್ತರು. ಒಕ್‌ಪೀಹಾ ಟಂಡ್ರಾದ ಜೌಗಿನಲ್ಲಿ ಸುಮಾರು 15 ಮೈಲಿ ಓಡಿ ಬ್ಯಾರೊದ ಸೇನಾ ರೇಡಿಯೋ ಠಾಣೆಗೆ ಸುದ್ದಿ ಮುಟ್ಟಿಸಿದ. ಜಗತ್ತು ಬೆಚ್ಚಿಬಿದ್ದ ಆ ಸುದ್ದಿ ಹೊರಟದ್ದು ಒಬ್ಬ ಬೇಟೆಗಾರನ ಕಾಲುಗಳಿಂದ. ಅವನು ಅಲ್ಲಿ ಇರದೇ ಹೋಗಿದ್ದರೆ ಇಬ್ಬರು ವಿಶ್ವಪ್ರಸಿದ್ಧರು ಸುಮ್ಮನೆ ಮಾಯವಾಗಿದ್ದಾರೆಂದು ಪತ್ರಿಕೆಗಳು ತಿಂಗಳುಗಟ್ಟಲೆ ಬರೆಯುತ್ತಿದ್ದವು. ಶವಗಳನ್ನು ಹೊತ್ತು ತಂದವನು ಮತ್ತೆ ಅದೇ ಜೋ ಕ್ರಾಸನ್.

ಇನ್ನೊಬ್ಬನ, ಗಿಲ್ಲಮ್‌ನ, ಕತೆ ಹೆಚ್ಚು ಕಷ್ಟದ್ದು. ಐಲ್ಸನ್‌ನನ್ನು ಹುಡುಕಲು ಹೋದಾಗ ಅವನು ಅನುಭವವೇ ಇಲ್ಲದ ಹೊಸಬ. ಮುಂದೆ ಅಲಾಸ್ಕಾದಲ್ಲಿ ಎಂಥ ಹವೆಗೂ ಅಂಜದವನೆಂದು ಹೆಸರಾದ. ಹಾರಬಹುದಾದ ಹವೆ, ಹಾರಬಾರದ ಹವೆ, ಇವೆರಡೂ ಅಲ್ಲದ ಗಿಲ್ಲಮ್ ಹವೆ ಎಂದು ಪೈಲಟ್‌ಗಳು ತಮಾಷೆ ಮಾಡುತ್ತಿದ್ದರಂತೆ. ಮಿಕ್ಕವರು ಅಂಗಳದಲ್ಲೇ ಕೂತಿರುವಾಗ ಇವನೊಬ್ಬನೇ ಹಾರುತ್ತಿದ್ದುದರಿಂದ ಬಂದ ಮಾತು. ಇಂಥ ಹೊಗಳಿಕೆ ಪೈಲಟ್‌ಗೆ ಒಳ್ಳೆಯದಲ್ಲ. 1943ರ ಜನವರಿ 5ರಂದು ಅವನು ಐವರು ಪ್ರಯಾಣಿಕರೊಂದಿಗೆ ಲಾಕ್‌ಹೀಡ್ ಎಲೆಕ್ಟ್ರಾದಲ್ಲಿ ಸಿಯಾಟಲ್‌ನಿಂದ ಉತ್ತರಕ್ಕೆ ಹೊರಟ. ಕೆಚಿಕಾನ್ ಸಮೀಪಿಸುವ ಹೊತ್ತಿಗೆ ಕೆಟ್ಟ ಹವೆ, ಒಂದು ಎಂಜಿನ್ ನಿಂತಿತು, ವಿಮಾನ ಹಿಮ ಮುಚ್ಚಿದ ಕಾಡುಬೆಟ್ಟಕ್ಕೆ ಅಪ್ಪಳಿಸಿತು. ಆರೂ ಜನ ಜೀವಂತ ಉಳಿದರು!

ಮೊದಲ ಅರ್ಧ ದಾಟಿದ್ದಾಯಿತು. ಗಾಯಗೊಂಡಿದ್ದ ತರುಣಿಯೊಬ್ಬಳು ಎರಡು ದಿನದೊಳಗೆ ರಕ್ತಸ್ರಾವದಿಂದ ಸತ್ತಳು. ಕೆಲವು ದಿನ ಕಾದು, ಹುಡುಕುವವರು ಬಾರದಿದ್ದಾಗ, ಗಿಲ್ಲಮ್ ಸಹಾಯ ತರುತ್ತೇನೆಂದು ಒಬ್ಬನೇ ಇಳಿಜಾರಿನಲ್ಲಿ ನಡೆದ. ಉಳಿದ ನಾಲ್ವರು ಗಂಡಸರಲ್ಲಿ ಇಬ್ಬರಿಗೆ ನಡೆಯಲಾಗುತ್ತಿರಲಿಲ್ಲ. ನಡೆಯಬಲ್ಲ ಇಬ್ಬರು ಕೊನೆಗೆ ಅವರನ್ನು ಆಸರೆಯೊಂದರಲ್ಲಿ ಬಿಟ್ಟು, ಅಲ್ಪ ಆಹಾರವನ್ನು ಹಂಚಿಕೊಂಡು ಸಮುದ್ರದಂಡೆಗೆ ಇಳಿದರು. ಫೆಬ್ರವರಿ 3ರಂದು ಕರಾವಳಿ ಕಾವಲುಪಡೆಯ ದೋಣಿಯೊಂದರ ಕಣ್ಣಿಗೆ ಬಿದ್ದರು. ಆಗ ಅವರು ಮಾಡಿದ್ದು ನನಗೆ ಇಡೀ ಘಟನೆಯಲ್ಲಿ ದೊಡ್ಡದಾಗಿ ಕಾಣುತ್ತದೆ: ತಿಂಗಳ ಉಪವಾಸದ ನಂತರವೂ ರಕ್ಷಣಾ ತಂಡಕ್ಕೆ ದಾರಿ ತೋರಿಸಲು ಮತ್ತೆ ಬೆಟ್ಟ ಹತ್ತಿದರು. ಮೇಲಿದ್ದ ಇಬ್ಬರೂ ಬದುಕಿದ್ದರು. ಗಿಲ್ಲಮ್ ಮಾತ್ರ ಬೋಕಾ ಡಿ ಕ್ವಾಡ್ರಾ ಎಂಬ ಕೊಲ್ಲಿಯ ದಡದಲ್ಲಿ ಶವವಾಗಿ ಸಿಕ್ಕ. ಚಳಿಗೆ ಸತ್ತಿದ್ದ. ಕಳೆದುಹೋದವನನ್ನು ಹುಡುಕುತ್ತ ಹೆಸರು ಮಾಡಿದ ಪೈಲಟ್‌ನನ್ನು ಬದುಕಿರುವಾಗಲೇ ಹುಡುಕಿ ತೆಗೆಯಲು ಯಾರಿಗೂ ಆಗಲಿಲ್ಲ.

ಎರಡನೇ ಮಹಾಯುದ್ಧದ ನಂತರ ರೇಡಿಯೋ ಬಂತು, ರನ್‌ವೇ ಬಂದವು, ಸೆಸ್ನಾ ಮತ್ತು ಪೈಪರ್ ಕಂಪನಿಗಳ ಅಗ್ಗದ ವಿಮಾನಗಳು ಬಂದವು. ಟಾಲ್ಕೀಟ್ನಾದ ಡಾನ್ ಶೆಲ್ಡನ್‌ನಂಥವರು ಡೆನಾಲಿ ಪರ್ವತದ ಹಿಮನದಿಗಳ ಮೇಲೆ ಇಳಿಯುವುದನ್ನು ದಿನನಿತ್ಯದ ಕೆಲಸ ಮಾಡಿಕೊಂಡರು. 1955ರಲ್ಲಿ ಸುಸಿಟ್ನಾ ನದಿಯ ಭೋರ್ಗರೆಯುವ ಕಣಿವೆಯಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಶೆಲ್ಡನ್ ತೇಲುವಿಮಾನ ಇಳಿಸಿ ಒಬ್ಬೊಬ್ಬರನ್ನಾಗಿ ಹೊರತಂದ. ಹೊಳೆಯ ಸೆಳವಿಗೆ ವಿಮಾನ ಹಿಮ್ಮುಖವಾಗಿ ತೇಲಿಹೋಗುತ್ತಿತ್ತಂತೆ. ವಿಮಾನ ಹೀಗೆ ಸುಲಭವಾಗಿ ಸಿಗತೊಡಗಿದ ಮೇಲೆ ಆ ಕಾಡಿನ ಮೇಲೆ ಹಾರುವವರಲ್ಲಿ ಅಲ್ಲಿನ ಚಳಿಯನ್ನು ಕಂಡರಿಯದ ಹವ್ಯಾಸಿಗಳೂ ಸೇರಿಕೊಂಡರು.

1963ರ ಫೆಬ್ರವರಿ 4ರಂದು ರಾಲ್ಫ್ ಫ್ಲೋರೆಸ್ ಎಂಬ ಎಲೆಕ್ಟ್ರಿಷಿಯನ್ ತನ್ನ ಹಳೆಯ ಹೋವರ್ಡ್ ವಿಮಾನದಲ್ಲಿ ಕೆನಡಾದ ವೈಟ್‌ಹಾರ್ಸ್‌ನಿಂದ ದಕ್ಷಿಣಕ್ಕೆ ಹೊರಟ. ಖರ್ಚು ಹಂಚಿಕೊಂಡು ಬಂದವಳು ಬ್ರೂಕ್ಲಿನ್‌ನ 21 ವರ್ಷದ ಹೆಲೆನ್ ಕ್ಲೇಬನ್. ಮೋಡದೊಳಗೆ ಉಪಕರಣ ನೋಡಿಕೊಂಡು ಹಾರುವ ತರಬೇತಿ ಅವನಿಗಿರಲಿಲ್ಲ. ವಿಮಾನದಲ್ಲಿ ಕೊಡಲಿ ಇಲ್ಲ, ಬಂದೂಕು ಇಲ್ಲ, ಸ್ಲೀಪಿಂಗ್ ಬ್ಯಾಗ್ ಇಲ್ಲ. ಹಿಮ ಸುರಿಯುವಾಗ ಕೆಳಕ್ಕೆ ಹಾರುತ್ತ ಯುಕಾನ್ ಗಡಿಯ ಕಾಡಿನ ಮರಗಳಿಗೆ ಬಡಿದರು. ಆಕೆಯ ತೋಳು ಮುರಿಯಿತು, ಅವನ ದವಡೆ ಮುರಿಯಿತು. ಇದ್ದದ್ದು ಕೆಲವು ಡಬ್ಬಿ ಮೀನು, ಒಂದಿಷ್ಟು ಹಣ್ಣು, ಬಿಸ್ಕತ್ತು. ಅದು ಮುಗಿದ ಮೇಲೆ ಟೂತ್‌ಪೇಸ್ಟ್. ಅದೂ ಮುಗಿದ ಮೇಲೆ ಹಿಮ ಕರಗಿಸಿದ ಬಿಸಿನೀರು. ಹೊರಗೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಫ್ಲೋರೆಸ್ ದೈವಭಕ್ತ, ಅವಳಿಗೆ ಬೈಬಲ್ ಓದಲು ಒತ್ತಾಯಿಸುತ್ತಿದ್ದ. ಅವಳು ಯಹೂದಿ ಮನೆಯ ಹುಡುಗಿ, ತನಗೆ ತೋಚಿದಂತೆ ವಾದಿಸುತ್ತಿದ್ದಳು. ಹಸಿವನ್ನು ಮರೆಸಲು ಆ ವಾದಗಳೂ ನೆರವಾಗಿರಬಹುದು.

ಅಧಿಕೃತ ಹುಡುಕಾಟ ಎಂದೋ ನಿಂತುಹೋಗಿತ್ತು. ಕೊನೆಗೆ ಫ್ಲೋರೆಸ್ ಕೊಂಬೆಗಳಿಂದ ಹಿಮಪಾದುಕೆ ಮಾಡಿಕೊಂಡು, ಕಾಡಿನಿಂದ ಬಯಲಿಗೆ ನಡೆದು, ಹಿಮ ತುಳಿದು ದೊಡ್ಡಕ್ಷರಗಳಲ್ಲಿ ಎಸ್‌ಒಎಸ್ ಬರೆದ, ಜತೆಗೊಂದು ಬಾಣದ ಗುರುತು. ಅದು ಆ ದಾರಿಯಾಗಿ ಹೋಗುತ್ತಿದ್ದ ಬುಷ್ ಪೈಲಟ್ ಚಕ್ ಹ್ಯಾಮಿಲ್ಟನ್‌ನ ಕಣ್ಣಿಗೆ ಬಿತ್ತು. 49 ದಿನಗಳ ನಂತರ ಇಬ್ಬರೂ ಜೀವಂತ ಹೊರಬಂದರು. ಹಿಮಗಡಿತಕ್ಕೆ ಹೆಲೆನ್ ಕಾಲ್ಬೆರಳುಗಳನ್ನು ಕಳೆದುಕೊಂಡಳು. ಮುಂದೆ ಆಕೆ ಬರೆದ ಪುಸ್ತಕ ಸಿನಿಮಾ ಆಯಿತು. ಪತ್ರಿಕೆಗಳು ಪವಾಡ ಎಂದವು. ಸಾಮಾನ್ಯ ಬುದ್ಧಿಗೆ ಎದ್ದು ಕಾಣಬೇಕಾದ ಪ್ರಶ್ನೆ ಬೇರೆಯೇ ಇತ್ತು: ಇಬ್ಬರು ಮನುಷ್ಯರು ಏಳು ವಾರ ಒಂದೇ ಜಾಗದಲ್ಲಿ ಕೂತಿದ್ದರೂ ಜಗತ್ತಿಗೆ ಕಾಣಲಿಲ್ಲವೇಕೆ?

ಆ ಪ್ರಶ್ನೆಯನ್ನು ಅಮೆರಿಕದ ಸಂಸತ್ತಿನೊಳಗೆ ಕೊಂಡೊಯ್ದದ್ದು ನಾಲ್ಕು ವರ್ಷದ ನಂತರ ಬಿದ್ದ ಒಂದು ಸೆಸ್ನಾ. ಅದು ಅಲಾಸ್ಕಾದಲ್ಲಿ ಬಿದ್ದದ್ದಲ್ಲ, ಉತ್ತರ ಕ್ಯಾಲಿಫೋರ್ನಿಯಾದ ಟ್ರಿನಿಟಿ ಬೆಟ್ಟಗಳಲ್ಲಿ, 1967ರ ಮಾರ್ಚಿನಲ್ಲಿ. ಗಂಡ, ಹೆಂಡತಿ, ಹದಿನಾರರ ಹುಡುಗಿ. ಗಂಡ ಸಹಾಯ ತರಲು ಹೋದವನು ಮರಳಲಿಲ್ಲ. ತಾಯಿ ಮತ್ತು ಮಗಳು ವಿಮಾನದಲ್ಲೇ ಉಳಿದರು. ಅಕ್ಟೋಬರಿನಲ್ಲಿ ಬೇಟೆಗಾರನೊಬ್ಬ ಅವಶೇಷ ಕಂಡಾಗ ಅದರೊಳಗೆ ಅವರು ಬರೆದಿಟ್ಟ ದಿನಚರಿ ಸಿಕ್ಕಿತು. ಬಿದ್ದ ದಿನದಿಂದ 54 ದಿನಗಳವರೆಗೆ ಅದರಲ್ಲಿ ಬರವಣಿಗೆ ಇತ್ತು. ಓದಿದ ಅಮೆರಿಕನ್ನರಿಗೆ ಸಹಿಸಲಾಗಲಿಲ್ಲ. ಬಿದ್ದ ಹೊಡೆತಕ್ಕೆ ತಾನಾಗಿ ಚಾಲೂ ಆಗಿ ರೇಡಿಯೋ ಸಂಕೇತ ಹೊರಡಿಸುವ ಪುಟ್ಟ ಪೆಟ್ಟಿಗೆ ಮಾಡುವುದು ಆಗಲೇ ಸಾಧ್ಯವಿತ್ತು. ಅದನ್ನು ಸಣ್ಣ ವಿಮಾನಗಳಿಗೆ ಕಡ್ಡಾಯ ಮಾಡುವ ಕಾನೂನು 1970ರ ಕೊನೆಯಲ್ಲಿ ಆಯಿತು. ಇಎಲ್‌ಟಿ ಎಂದು ಕರೆಯುವ ಸಾಧನ ಅದೇ. ಆದರೆ ಅಳವಡಿಸಿಕೊಳ್ಳಲು ಮಾಲೀಕರಿಗೆ ಕೆಲವು ವರ್ಷಗಳ ಗಡುವು ಕೊಟ್ಟಿದ್ದರು.

ಆ ಗಡುವಿನ ಒಳಗೇ, 1972ರ ಅಕ್ಟೋಬರ್ 16ರಂದು, ಒಂದು ಸೆಸ್ನಾ 310 ಆಂಕರೇಜ್‌ನಿಂದ ಜೂನೋಗೆ ಹೊರಟಿತು. ಒಳಗಿದ್ದವರು ಅಮೆರಿಕದ ಕೆಳಮನೆಯ ಬಹುಮತದ ನಾಯಕ ಹೇಲ್ ಬಾಗ್ಸ್, ಆ ಮನೆಯಲ್ಲಿ ಅಲಾಸ್ಕಾದ ಏಕೈಕ ಸದಸ್ಯ ನಿಕ್ ಬೆಗಿಚ್, ಬೆಗಿಚ್ ಅವರ ಸಹಾಯಕ, ಮತ್ತು ಪೈಲಟ್ ಡಾನ್ ಜಾನ್ಜ್. ಚುನಾವಣೆಯ ಪ್ರಚಾರ, ಜೂನೋದಲ್ಲಿ ಕಾದಿದ್ದ ಜನ, ದಾರಿಯಲ್ಲಿ ಪೋರ್ಟೇಜ್ ಕಣಿವೆಯ ಕೆಟ್ಟ ಹವೆ. ಜಾನ್ಜ್ ಅನುಭವಿ. ರೆಕ್ಕೆಗೆ ಹಿಮ ಕಟ್ಟುವುದಕ್ಕೆ ಅಷ್ಟೇನೂ ಹೆದರಬೇಕಿಲ್ಲ ಎಂಬರ್ಥದ ಅವನ ಲೇಖನವೊಂದು ವಿಮಾನಯಾನದ ಪತ್ರಿಕೆಯಲ್ಲಿ ಅದೇ ದಿನಗಳಲ್ಲಿ ಅಚ್ಚಾಗಿತ್ತು. ಹೊರಟ ಸ್ವಲ್ಪ ಹೊತ್ತಿಗೆ ರೇಡಿಯೋದಲ್ಲಿ ಒಮ್ಮೆ ಮಾತಾಡಿದ. ಆಮೇಲೆ ಏನೂ ಇಲ್ಲ.

39 ದಿನಗಳ ಹುಡುಕಾಟ ಅಮೆರಿಕದ ಅಲ್ಲಿಯವರೆಗಿನ ಅತಿ ದೊಡ್ಡ ಹುಡುಕಾಟಗಳಲ್ಲಿ ಒಂದು. ಶಬ್ದದ ಮೂರು ಪಟ್ಟು ವೇಗದ ಎಸ್‌ಆರ್-71 ಗೂಢಚಾರ ವಿಮಾನವನ್ನೂ ಬಳಸಿದರು. ಒಂದು ಮೊಳೆಯೂ ಸಿಗಲಿಲ್ಲ. ವಿಮಾನದಲ್ಲಿ ಇಎಲ್‌ಟಿ ಇರಲಿಲ್ಲವೆಂದು ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ತೀರ್ಮಾನಿಸಿತು. ನವೆಂಬರಿನ ಚುನಾವಣೆಯಲ್ಲಿ ಕಾಣೆಯಾದ ಬೆಗಿಚ್ ಗೆದ್ದರು. ಮರಣ ಘೋಷಣೆಯ ನಂತರ ನಡೆದ ಮರುಚುನಾವಣೆಯಲ್ಲಿ ಡಾನ್ ಯಂಗ್ ಗೆದ್ದು 2022ರಲ್ಲಿ ಸಾಯುವವರೆಗೆ ಆ ಸೀಟಿನಲ್ಲಿ ಕೂತರು. ಬಾಗ್ಸ್ ಅವರ ಸ್ಥಾನಕ್ಕೆ ಪತ್ನಿ ಲಿಂಡಿ ಬಂದರು. ಅರ್ಧ ಶತಮಾನ ಕಳೆದರೂ ಆ ಸೆಸ್ನಾ ಇವತ್ತಿನವರೆಗೆ ಪತ್ತೆಯಾಗಿಲ್ಲ. ಕಾನೂನು ಮಾಡಿದ ಸಂಸತ್ತಿನ ನಾಯಕನೇ ಆ ಕಾನೂನು ಪೂರ್ತಿ ಜಾರಿಯಾಗುವ ಮುನ್ನ ಕಾಣೆಯಾದದ್ದು ವಿಧಿಯ ಕುಹಕ ಎನ್ನಬೇಕೋ, ಗಡುವು ಕೊಡುವ ಸರ್ಕಾರಿ ಪದ್ಧತಿಯ ಸಹಜ ಫಲ ಎನ್ನಬೇಕೋ!

ಇಎಲ್‌ಟಿ ಎಲ್ಲ ವಿಮಾನಗಳಿಗೆ ಬಂದ ಮೇಲೆ ಹೊಸ ತೊಡಕು ಕಾಣಿಸಿತು. ಪೆಟ್ಟಿಗೆ ಕೂಗಿದರೂ ಕೇಳಿಸಿಕೊಳ್ಳುವವರು ಬೇಕಲ್ಲ? ಮೇಲೆ ಹಾರುವ ಯಾವುದಾದರೂ ವಿಮಾನದ ರೇಡಿಯೋ 121.5 ಮೆಗಾಹರ್ಟ್ಸ್‌ಗೆ ಕಿವಿಗೊಟ್ಟಿದ್ದರೆ ಮಾತ್ರ ಆ ಕೂಗು ಕೇಳುತ್ತಿತ್ತು. ಉಪಗ್ರಹವನ್ನೇ ಕಿವಿಯಾಗಿಸುವ ಯೋಚನೆ ಬಲವಾದದ್ದು ಆಗ. ಭೂಮಿ ಸುತ್ತುವ ಉಪಗ್ರಹ ಹತ್ತಿರ ಬರುವಾಗ ಮತ್ತು ದೂರ ಸರಿಯುವಾಗ ಸಂಕೇತದ ಕಂಪನಾಂಕದಲ್ಲಿ ಆಗುವ ಏರಿಳಿತವನ್ನು ಅಳೆದರೆ ಅದು ಹೊರಟ ಜಾಗ ಲೆಕ್ಕಕ್ಕೆ ಸಿಗುತ್ತದೆ. 1979ರಲ್ಲಿ ಅಮೆರಿಕ, ಕೆನಡಾ, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ಸೇರಿ ಕೋಸ್ಪಾಸ್-ಸಾರ್ಸ್ಯಾಟ್ ಎಂಬ ಜಂಟಿ ವ್ಯವಸ್ಥೆಗೆ ಒಪ್ಪಿದವು. ಅದೇ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು, ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಸಂಬಂಧ ಹಳಸಿತು, ಆದರೂ ಈ ಕೆಲಸ ನಿಲ್ಲಲಿಲ್ಲ. 1982ರ ಜೂನ್ 30ರಂದು ಸೋವಿಯತ್ ಉಪಗ್ರಹ ಮೇಲೇರಿತು. ಸೆಪ್ಟೆಂಬರಿನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಬಿದ್ದ ಸಣ್ಣ ವಿಮಾನದ ಸಂಕೇತವನ್ನು ಅದು ಹಿಡಿಯಿತು, ಮೂವರು ಬದುಕಿದರು. ಅವರು ಹಾರುತ್ತಿದ್ದುದೂ ಕಾಣೆಯಾದ ಇನ್ನೊಂದು ವಿಮಾನವನ್ನು ಹುಡುಕುತ್ತ.

ಈ ಜಾಲದ ಒಂದು ಕೊಂಡಿ ನಮ್ಮ ಬೆಂಗಳೂರಿನಲ್ಲೇ ಇದೆ. ಇಸ್ರೋದ ಇಸ್ಟ್ರ್ಯಾಕ್ ಆವರಣದಲ್ಲಿ ಭಾರತದ ನಿಯಂತ್ರಣ ಕೇಂದ್ರವಿದೆ. ಉಪಗ್ರಹದ ಮಾತು ಕೇಳುವ ನೆಲದ ಠಾಣೆಗಳು ಬೆಂಗಳೂರು ಮತ್ತು ಲಖನೌಗಳಲ್ಲಿವೆ. ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್‌ನಂಥ ನೆರೆದೇಶಗಳ ಪ್ರದೇಶದಲ್ಲಿ ಎದ್ದ ಸಂಕೇತಗಳೂ ಇಲ್ಲಿಗೆ ಬರುತ್ತವೆ. ಇಷ್ಟಿದ್ದೂ 2009ರ ಸೆಪ್ಟೆಂಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿದ್ದಾಗ ಅದನ್ನು ಕಾಣಲು ಸುಮಾರು 24 ಗಂಟೆ ಹಿಡಿಯಿತು ಎಂಬುದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. 2011ರಲ್ಲಿ ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು ಅವರ ಹೆಲಿಕಾಪ್ಟರ್‌ಗೆ ನಾಲ್ಕೈದು ದಿನ ಬೇಕಾಯಿತು.

ಪೆಟ್ಟಿಗೆ ಇದ್ದರೆ ಸಾಲದು, ಬಿದ್ದ ಪೆಟ್ಟನ್ನು ಅದು ತಾಳಬೇಕು. ಬೆಂಕಿಯಲ್ಲಿ ಸುಟ್ಟುಹೋಗಬಹುದು, ನೀರಿನಲ್ಲಿ ಮುಳುಗಬಹುದು, ಆಂಟೆನಾದ ತಂತಿ ಕಿತ್ತುಬರಬಹುದು. 2010ರ ಆಗಸ್ಟ್ 9ರಂದು ಅಲಾಸ್ಕಾದ ಡಿಲಿಂಗ್‌ಹ್ಯಾಮ್ ಬಳಿ ಮೀನು ಹಿಡಿಯಲು ಹೊರಟ ಆಟರ್ ತೇಲುವಿಮಾನವೊಂದು ಬೆಟ್ಟದ ಇಳಿಜಾರಿಗೆ ಬಡಿಯಿತು. ಒಂಬತ್ತು ಜನರಲ್ಲಿ ಐವರು ಸತ್ತರು. ಸತ್ತವರಲ್ಲಿ ಒಬ್ಬರು ನಾಲ್ಕು ದಶಕ ಸೆನೆಟರ್ ಆಗಿದ್ದ ಟೆಡ್ ಸ್ಟೀವನ್ಸ್. 1978ರ ವಿಮಾನ ಅಪಘಾತದಲ್ಲಿ ಹೆಂಡತಿಯನ್ನು ಕಳೆದುಕೊಂಡು ತಾವು ಬದುಕಿ ಉಳಿದಿದ್ದವರು. ಆಂಕರೇಜ್‌ನ ವಿಮಾನ ನಿಲ್ದಾಣಕ್ಕೆ ಅವರ ಜೀವಿತಕಾಲದಲ್ಲೇ ಅವರ ಹೆಸರಿಟ್ಟಿದ್ದರು. ಬದುಕಿದ ನಾಲ್ವರಲ್ಲಿ ನಾಸಾದ ಮಾಜಿ ಮುಖ್ಯಸ್ಥ ಶಾನ್ ಓಕೀಫ್ ಒಬ್ಬರು. ಆ ವಿಮಾನದಲ್ಲಿ 406 ಮೆಗಾಹರ್ಟ್ಸ್‌ನ ಹೊಸ ಮಾದರಿಯ ಇಎಲ್‌ಟಿ ಇತ್ತು, ಚಾಲೂ ಕೂಡ ಆಗಿತ್ತು. ಆದರೆ ಹೊಡೆತಕ್ಕೆ ಅದು ತನ್ನ ಪಟ್ಟಿಯಿಂದ ಕಿತ್ತು ಬಿದ್ದು ಆಂಟೆನಾ ಬೇರ್ಪಟ್ಟಿತ್ತು. ಮಧ್ಯಾಹ್ನ ಬಿದ್ದವರನ್ನು ಸಂಜೆ ಕಂಡವರು ಸ್ವಯಂಪ್ರೇರಿತರಾಗಿ ಹುಡುಕಲು ಹೊರಟ ಸ್ಥಳೀಯ ಪೈಲಟ್‌ಗಳು. ಗಾಯಾಳುಗಳು ಮಳೆ ಚಳಿಯಲ್ಲಿ ಬೆಟ್ಟದಲ್ಲೇ ರಾತ್ರಿ ಕಳೆದರು. ನಾಸಾ ನಡೆಸಿದವರನ್ನು ಆಕಾಶದ ಯಾವ ಉಪಗ್ರಹವೂ ಕಾಣಲಿಲ್ಲ, ಊರಿನವರು ಕಂಡರು.

ಈ ನಡುವೆ, ಬಿದ್ದ ಮೇಲೆ ಹುಡುಕುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವ ಕೆಲಸಕ್ಕೂ ಕೈಹಾಕಿದ್ದರು. 1990ರ ದಶಕದಲ್ಲಿ ಅಲಾಸ್ಕಾದ ಪೈಲಟ್‌ಗಳು ಕೆಲಸದ ಮೇಲೆ ಸಾಯುವ ಪ್ರಮಾಣ ಅಮೆರಿಕದ ಇತರ ಪೈಲಟ್‌ಗಳಿಗಿಂತ ಸುಮಾರು ಐದು ಪಟ್ಟು ಇತ್ತು. 1999ರಲ್ಲಿ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ ಬೆತಲ್ ಸುತ್ತಲಿನ ನದೀಮುಖಜ ಪ್ರದೇಶದಲ್ಲಿ ಕ್ಯಾಪ್‌ಸ್ಟೋನ್ ಎಂಬ ಯೋಜನೆ ಆರಂಭಿಸಿತು. ಸಣ್ಣ ವಿಮಾನಗಳಿಗೆ ಜಿಪಿಎಸ್, ಎದುರಿನ ಬೆಟ್ಟ ತೋರಿಸುವ ಪರದೆ, ತನ್ನ ಜಾಗವನ್ನು ಕ್ಷಣಕ್ಷಣಕ್ಕೂ ಹೇಳುತ್ತ ಹೋಗುವ ಎಡಿಎಸ್-ಬಿ ಉಪಕರಣ ಕೊಟ್ಟರು. ಅವನ್ನು ಹಾಕಿಸಿಕೊಂಡ ವಿಮಾನಗಳ ಅಪಘಾತ ಶೇ. 47ರಷ್ಟು ತಗ್ಗಿತೆಂದು ಎಫ್‌ಎಎ ಲೆಕ್ಕ ಕೊಟ್ಟಿತು. ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಇನ್ನೂ ಸರಳ ಉಪಾಯ: ಬೆಟ್ಟದ ಕಣಿವೆಗಳಲ್ಲಿ ಕ್ಯಾಮೆರಾ ನೆಟ್ಟರು. ಹೊರಡುವ ಮೊದಲು ಪೈಲಟ್ ಕಂಪ್ಯೂಟರಿನಲ್ಲಿ ಆ ಕಣಿವೆಯ ಈ ಹೊತ್ತಿನ ಚಿತ್ರ ನೋಡುತ್ತಾನೆ. ಮಂಜು ತುಂಬಿದ್ದರೆ ಕಾಫಿ ಕುಡಿಯುತ್ತ ಕೂರುತ್ತಾನೆ. ಇಂಥ ಕ್ಯಾಮೆರಾ ಇರುವ ಜಾಗಗಳು ಈಗ ಇನ್ನೂರಕ್ಕೂ ಹೆಚ್ಚು.

ಕ್ಯಾಮೆರಾಕ್ಕೆ ಬಗ್ಗದ ಕಾರಣಗಳೂ ಇವೆ. ಕೆಳಗೆ ಮೂಸ್ ಜಿಂಕೆ ಕಂಡಿತೆಂದು ಅದರ ಸುತ್ತ ನಿಧಾನವಾಗಿ, ಇನ್ನಷ್ಟು ಕಿರಿದಾಗಿ ಸುತ್ತು ಹಾಕುತ್ತ ರೆಕ್ಕೆಯ ಎತ್ತುವ ಬಲ ಕಳೆದುಕೊಂಡು ಬೀಳುವುದು ಅಲಾಸ್ಕಾದಲ್ಲಿ ಎಷ್ಟು ಮಾಮೂಲಿ ಎಂದರೆ ಅದಕ್ಕೊಂದು ಹೆಸರೇ ಇದೆ, ಮೂಸ್ ಸ್ಟಾಲ್. ತಿರುಗಲು ಜಾಗವಿಲ್ಲದ ಕಣಿವೆಯೊಳಗೆ ನುಗ್ಗುವುದು, ಬಿಳಿ ನೆಲಕ್ಕೂ ಬಿಳಿ ಆಕಾಶಕ್ಕೂ ವ್ಯತ್ಯಾಸ ಕಾಣದಾದಾಗಲೂ ಮುಂದೆ ಹೋಗುವುದು, ಒಂದು ಪೆಟ್ಟಿಗೆ ಹೆಚ್ಚಿಗೆ ಹೇರುವುದು, ಹೊರಟಿದ್ದೇವೆ, ಮುಟ್ಟಿಯೇ ತೀರೋಣ ಎನ್ನುವುದು. ಪೈಲಟ್‌ಗಳು ತಲೆಮಾರಿನಿಂದ ತಲೆಮಾರಿಗೆ ಒಬ್ಬರಿಗೊಬ್ಬರು ಹೇಳುವ ಎಚ್ಚರಿಕೆಗಳು ಇವೇ, ಅವರು ಸಾಯುವುದೂ ಇವುಗಳಿಂದಲೇ.

2025ರ ಫೆಬ್ರವರಿ 6ರಂದು ಬೇರಿಂಗ್ ಏರ್ ಕಂಪನಿಯ ಸೆಸ್ನಾ ಕ್ಯಾರವಾನ್ ಉನಲಕ್ಲೀಟ್‌ನಿಂದ ನೋಮ್‌ಗೆ ಹೊರಟಿತು. ಒಳಗೆ ಹತ್ತು ಜನ. ಸಮುದ್ರದ ಮೇಲೆ ಅದು ರಾಡಾರ್‌ನಿಂದ ಮರೆಯಾಯಿತು. ತುರ್ತು ಸಂಕೇತ ಯಾವುದೂ ಬರಲಿಲ್ಲ, ಆದರೆ ಕೊನೆಯದಾಗಿ ಎಲ್ಲಿತ್ತೆಂಬ ದಾಖಲೆ ಇತ್ತು. ಮರುದಿನವೇ ಕರಾವಳಿ ಕಾವಲುಪಡೆಯ ಹೆಲಿಕಾಪ್ಟರ್ ನೋಮ್‌ನಿಂದ ಸುಮಾರು 30 ಮೈಲಿ ದೂರದ ಹಿಮಹಾಸಿನ ಮೇಲೆ ಅವಶೇಷ ಕಂಡಿತು. ಯಾರೂ ಬದುಕಿರಲಿಲ್ಲ. ಐಲ್ಸನ್‌ಗೆ ಎರಡೂವರೆ ತಿಂಗಳು ಹಿಡಿದ ಹುಡುಕಾಟ ಇಲ್ಲಿ ಒಂದೇ ದಿನದಲ್ಲಿ ಮುಗಿದಿತ್ತು. ಎನ್‌ಟಿಎಸ್‌ಬಿಯ ಪ್ರಾಥಮಿಕ ವರದಿ ಹೇಳುವಂತೆ, ರೆಕ್ಕೆಗೆ ಹಿಮ ಕಟ್ಟುವ ಹವೆಯಲ್ಲಿ ಹಾರಲು ಆ ಮಾದರಿಗೆ ಇರುವ ತೂಕದ ಮಿತಿಗಿಂತ ಸುಮಾರು 970 ಪೌಂಡ್ ಹೆಚ್ಚು ಭಾರ ಹೊತ್ತು ಅದು ನೆಲ ಬಿಟ್ಟಿತ್ತು.